ರಸ್ತೆಗೆ ಮೊದಲು ಮಣ್ಣು ನೋಡುವ ಊರು

ಹೋದ ತಿಂಗಳು ಊರಿಂದ ಅಣ್ಣ ಫೋನ್ ಮಾಡಿದ್ದ. ರಸ್ತೆ ಅಗಲ ಮಾಡುವಾಗ ಹನುಮಂತರಾಯನ ಗುಡಿ ಪಕ್ಕದ ವೀರಗಲ್ಲನ್ನು ಜೆಸಿಬಿಯಲ್ಲಿ ಎತ್ತಿ ಚರಂಡಿ ಬದಿಗೆ ಹಾಕಿದ್ದಾರಂತೆ. ಎರಡು ತುಂಡಾಗಿದೆಯಂತೆ. "ರಸ್ತೆ ಬೇಕಲ್ವೇನೋ, ಏನ್ ಮಾಡೋದು" ಅಂದ. ತುಂಬಾ ಸಂಕಟವಾಯಿತು.

ನಾನಿರುವುದು ಐರ್ಲೆಂಡಿನಲ್ಲಿ. ಇಲ್ಲೂ ಊರಾಚೆ ಹೊಸ ರಸ್ತೆ ಬರುತ್ತಿದೆ, ದಾರಿಗೆ ಒಂದು ರಿಂಗ್‌ಫೋರ್ಟ್ ಅಡ್ಡ ಸಿಕ್ಕಿದೆ. ಕೋಟೆ ಅಂದಕೂಡಲೇ ಚಿತ್ರದುರ್ಗ ಕಣ್ಣಿಗೆ ತಂದುಕೊಳ್ಳಬೇಡಿ. ಸುಮಾರು 30 ಮೀಟರ್ ಅಗಲದ ದುಂಡನೆಯ ಜಾಗ, ಸುತ್ತ ಮಣ್ಣಿನ ದಿಬ್ಬ, ಅದರಾಚೆ ಕಂದಕ. ಒಳಗೆ ಒಂದು ರೈತ ಸಂಸಾರದ ಮನೆ, ಅಷ್ಟೇ. ಹೆಚ್ಚಿನವು ಕ್ರಿ.ಶ. 600ರಿಂದ 900ರ ನಡುವಿನವು. ಈ ದ್ವೀಪದಲ್ಲಿ ಇಂಥವು 40,000ಕ್ಕೂ ಜಾಸ್ತಿ ಇವೆ. ಇಷ್ಟೊಂದು ಇರುವಾಗ ಒಂದು ಹೋದರೇನು ಅಂತ ಇಲ್ಲಿ ಯಾರೂ ಸುಮ್ನೆ ಬಿಡುವುದಿಲ್ಲ.

ಗೇಟಿನ ಹತ್ತಿರ ನಿಂತು ನೋಡಿದೆ. ಇಲ್ಲೂ ಜೆಸಿಬಿಯೇ, ಆದರೆ ಬಕೆಟ್ಟಿಗೆ ಹಲ್ಲಿಲ್ಲ. ಮೇಲ್ಮಣ್ಣನ್ನು ಪದರ ಪದರವಾಗಿ ಹೆರೆಯುತ್ತದೆ. ಪಕ್ಕದಲ್ಲೇ ಪುರಾತತ್ವ ತಜ್ಞೆಯೊಬ್ಬರು ಕಣ್ಣಿಟ್ಟು ನಿಂತಿದ್ದರು. ಅವರು ಕೈ ಎತ್ತಿದರೆ ಮೆಷಿನ್ ನಿಲ್ಲಬೇಕು. ಹಳದಿ ಜೇಡಿಯ ನಡುವೆ ಕಪ್ಪು ಮಣ್ಣಿನ ಪಟ್ಟಿಯೊಂದು ಬಾಗಿಕೊಂಡು ಹೋಗಿತ್ತು. ಅದೇ ಹೂತುಹೋದ ಕಂದಕ. ಅವರು ಕೆಳಗಿಳಿದು ಕರಣೆಯಲ್ಲಿ ಕೆರೆದು, ಒಂದು ಎಲುಬಿನ ಚೂರು ತೆಗೆದು ತೋರಿಸಿದರು. ದನದ್ದು. ಚಾಕುವಿನ ಗೀರು ಹಾಗೇ ಉಳಿದಿತ್ತು.

ಇದಿನ್ನೂ ಪರೀಕ್ಷೆಯ ಅಗೆತ. ಒಂದಷ್ಟು ಉದ್ದನೆಯ ಗುಂಡಿ ತೋಡಿ, ಒಳಗೆ ಏನಿದೆ, ಎಷ್ಟು ಉಳಿದಿದೆ ಅಂತ ನೋಡುತ್ತಾರೆ. ಪೂರ್ತಿ ಅಗೆಯಬೇಕಾ ಅನ್ನುವುದು ಆಮೇಲೆ ತೀರ್ಮಾನ. ಇದಕ್ಕೂ ಸರ್ಕಾರದ ಪರವಾನಗಿ ಬೇಕು. ಖರ್ಚು ರಸ್ತೆಯ ಲೆಕ್ಕದಲ್ಲೇ ಹೋಗುತ್ತದೆ.

ಆ ಕಾಲದ ಐರಿಷ್ ಜನಕ್ಕೆ ಹಸುಗಳೇ ಆಸ್ತಿ. ನಾಣ್ಯ ಇರಲಿಲ್ಲ, ದಂಡವನ್ನೂ ಹಸುವಿನ ಲೆಕ್ಕದಲ್ಲೇ ಕಟ್ಟುತ್ತಿದ್ದರು. ದನ ಹೊಡೆದುಕೊಂಡು ಹೋಗಲು ಬರುವವರ ಭಯಕ್ಕೂ ಈ ದಿಬ್ಬ ಬೇಕಿತ್ತು. ತುರುಗೊಳ್ ಕಾಳಗ ನಮಗೇನು ಹೊಸದಾ? ಅಣ್ಣ ಹೇಳಿದ ಕಲ್ಲಿನ ಕೆಳಗಿನ ಸಾಲಲ್ಲೂ ಹಸುಗಳೇ ಇದ್ದವು. ಚಿಕ್ಕವರಿದ್ದಾಗ ಅವುಗಳ ಕೊಂಬು ಸವರಿಕೊಂಡೇ ಸ್ಕೂಲಿಗೆ ಹೋಗುತ್ತಿದ್ದೆವು. ಅಂಥದ್ದೇ ಬದುಕಿನ ಗುರುತಿಗೆ ಇಲ್ಲಿ ಇಷ್ಟು ಮರ್ಯಾದೆ, ನಮ್ಮಲ್ಲಿ ಚರಂಡಿ.

ಇಲ್ಲಿ ಎಲ್ಲವೂ ಉಳಿಯುತ್ತದೆ ಅಂತಲ್ಲ, ಅದನ್ನೂ ಹೇಳಬೇಕು. ಹಳೆಯ ಐರಿಷ್ ರಾಜರ ನೆಲೆ ಅಂತ ಹೆಸರಾದ ತಾರಾ ಬೆಟ್ಟದ ಹತ್ತಿರ ಎಂ3 ಹೆದ್ದಾರಿ ಮಾಡುವಾಗ, 2007ರಲ್ಲಿ ಲಿಸ್ಮಲ್ಲಿನ್‌ನಲ್ಲಿ ರಿಂಗ್‌ಫೋರ್ಟ್‌ಗಿಂತಲೂ ಹಳೆಯ ದೊಡ್ಡ ಆವರಣವೊಂದು ಸಿಕ್ಕಿತು. ಜನ ಬೀದಿಗಿಳಿದು ಪ್ರತಿಭಟಿಸಿದರು. ಆದರೂ ಅಗೆದು, ಅಳೆದು, ಬರೆದಿಟ್ಟು, ಅದರ ಮೇಲೇ ರಸ್ತೆ ಹಾಕಿದರು. ವರದಿಯೇನೋ ಇದೆ, ಜಾಗ ಇಲ್ಲ. ಇಷ್ಟೊಂದು ರಿಂಗ್‌ಫೋರ್ಟ್ ಉಳಿದಿದ್ದೂ ಬರೀ ಕಾನೂನಿನಿಂದಲ್ಲ. ನಾಗಬನಕ್ಕೆ ನಾವು ಕೊಡಲಿ ಹಾಕದ ಹಾಗೆ, ಅಲ್ಲಿ ಯಕ್ಷಿಣಿಯರಿದ್ದಾರೆ ಅಂತ ಹೆದರಿ ರೈತರು ಮುಟ್ಟಿರಲಿಲ್ಲ.

ನಮ್ಮಲ್ಲೂ ಕಾಳಜಿ ಇರುವವರಿದ್ದಾರೆ. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಅಗೆಯುವಾಗ ಕಿತ್ತಯ್ಯನ ವೀರಗಲ್ಲು ಸಿಕ್ಕಿತು. ಕ್ರಿ.ಶ. 750ರ ಸುಮಾರಿನದು, ಈ ರಿಂಗ್‌ಫೋರ್ಟ್‌ಗಳ ಕಾಲದ್ದೇ. ಶಾಸನಗಳ ಹಿಂದೆ ಬಿದ್ದಿರುವ ಬೆಂಗಳೂರಿನ ಆಸಕ್ತರು ಅದನ್ನು ಗುರುತಿಸಿ ಉಳಿಸಿಕೊಂಡರು. ಸಂಬಳ ಇಲ್ಲದೆ, ಯಾರ ಆದೇಶವೂ ಇಲ್ಲದೆ ಮಾಡಿದ ಕೆಲಸ. ಇಂಥ ಜನ ನಮ್ಮಲ್ಲಿರುವಾಗ, ಟೆಂಡರ್ ಕರೆಯುವ ಮೊದಲು ಒಂದು ವಾರ ಇವರನ್ನು ಕರೆದುಕೊಂಡು ಹೋಗಿ ದಾರಿಯುದ್ದಕ್ಕೂ ನೋಡಿಸಲು ಏನು ಕಷ್ಟ?