ನೀತಿ ಆಮೇಲೆ ಕೇಳೋಣ, ಮೊದಲು ಕಾಗೆಗೆ ಬಾಯಾರಲಿ

ಕರ್ನಾಟಕದ ಹೊರಗೆ ಮಕ್ಕಳನ್ನು ಬೆಳೆಸುವ ನಮ್ಮಂಥವರಿಗೆ ಕಥೆ ಹೇಳುವ ಎರಡು ಕ್ರಮ ಪಕ್ಕಪಕ್ಕದಲ್ಲೇ ಕಾಣಿಸುತ್ತವೆ. ಮನೆಯಲ್ಲಿ ಕನ್ನಡದಲ್ಲಿ, ಬಾಯಲ್ಲೇ ಹೇಳುವ ಕಥೆ ಒಂದು. ಪ್ರಿಸ್ಕೂಲಿನಲ್ಲಿ ಟೀಚರ್ ಚಿತ್ರದ ಪುಸ್ತಕ ಹಿಡಿದು ಓದುವ ಕಥೆ ಇನ್ನೊಂದು. ಕಥೆಯಲ್ಲಿ ಏನೇನಿದೆ ಅಂತ ಮಗುವಿಗೆ ಗೊತ್ತಾಗಬೇಕು ಅನ್ನುವ ಆಸೆ ಎರಡೂ ಕಡೆ ಇದೆ. ಆದರೆ ಎರಡೂ ಕಡೆಯವರು ಒಂದೇ ಜಾಗವನ್ನು ಹಾರಿಸಿ ಮುಂದೆ ಹೋಗುತ್ತಾರೆ ಅಂತ ನನಗನ್ನಿಸುತ್ತದೆ.

ಪ್ರಿಸ್ಕೂಲಿನಲ್ಲಿ ಗೋಡೆ ಮೇಲೊಂದು ಚಾರ್ಟ್ ಇರುತ್ತದೆ. ಕಥೆಯಲ್ಲಿ ಯಾರಿದ್ದಾರೆ, ಎಲ್ಲಿ ನಡೆಯಿತು, ಮೊದಲು ಏನು, ಆಮೇಲೆ ಏನು, ಕೊನೆಗೆ ಏನು ಅಂತ ಒಂದೊಂದಕ್ಕೆ ಒಂದೊಂದು ಚೌಕ. ಮಕ್ಕಳು ಚಿತ್ರ ಆರಿಸಿ ಅಂಟಿಸುತ್ತಾರೆ. ನೋಡೋಕೆ ಚೆನ್ನಾಗಿರುತ್ತದೆ. ‘ಯಾರು’, ‘ಎಲ್ಲಿ’ ಎರಡನ್ನೂ ಬೆರಳಿಟ್ಟು ತೋರಿಸಬಹುದು, ಹಾಗಾಗಿ ಮಕ್ಕಳು ಅವನ್ನು ಬೇಗ ಹಿಡಿಯುತ್ತಾರೆ. ಟೀಚರ್‌ಗೂ ಸಮಾಧಾನ.

ನಮ್ಮ ಮನೆಗಳಲ್ಲಿ ಚಾರ್ಟ್ ಇಲ್ಲ. ಕಥೆ ಮುಗಿಯುವಷ್ಟರಲ್ಲಿ ‘ಇದರ ನೀತಿ ಏನು ಹೇಳು ಪುಟ್ಟಾ?’ ಅಂತ ಶುರು. ನಾಲ್ಕು ವರ್ಷದ ಮಗು ಏನು ಹೇಳೀತು? ಕೊನೆಗೆ ದೊಡ್ಡವರೇ ಉತ್ತರ ಹೇಳಿಕೊಟ್ಟು ಬಾಯಿಪಾಠ ಮಾಡಿಸುತ್ತಾರೆ.

ಮಡಕೆಗೆ ಕಲ್ಲು ಹಾಕಿದ ಕಾಗೆಯ ಕಥೆ ಎಲ್ಲರಿಗೂ ಗೊತ್ತಲ್ವಾ? ನನ್ನ ಮಗಳು ಅದನ್ನು ತಿರುಗಿ ಹೇಳಿದ್ದು ಹೀಗೆ: ‘ಕಾಗೆ ಇತ್ತು. ಮಡಕೆ ಇತ್ತು. ಕಲ್ಲು ಹಾಕ್ತು. ನೀರು ಮೇಲೆ ಬಂತು.’ ಚಾರ್ಟಿನ ಪ್ರಕಾರ ಎಲ್ಲಾ ಸರಿ. ‘ಕಲ್ಲು ಯಾಕೆ ಹಾಕ್ತು?’ ಅಂದೆ. ‘ಅದಕ್ಕೆ ಕಲ್ಲು ಹಾಕೋದು ಇಷ್ಟ’ ಅಂದಳು. ಬಾಯಾರಿಕೆ ಪೂರ್ತಿ ಬಿದ್ದುಹೋಗಿತ್ತು. ಅದು ಬಿದ್ದರೆ ಕಥೆಯೇ ಇಲ್ಲ. ಕಾಗೆ ಸುಮ್ನೆ ಕಲ್ಲು ಹಾಕುತ್ತಾ ಕೂತಿದೆ, ಅಷ್ಟೇ.

ಇದು ಒಂದು ಮಗುವಿನ ಮಾತಲ್ಲ. 1977ರಲ್ಲಿ ಮ್ಯಾಂಡ್ಲರ್ ಮತ್ತು ಜಾನ್ಸನ್ ಎಂಬ ಸಂಶೋಧಕರು ಒಂದನೇ ತರಗತಿ ಮಕ್ಕಳಿಗೆ ಕಥೆ ಕೇಳಿಸಿ, ತಿರುಗಿ ಹೇಳಿಸಿ ನೋಡಿದರು. ಕಥೆ ಎಲ್ಲಿ ಶುರುವಾಯಿತು, ಕೊನೆಗೆ ಏನು ಸಿಕ್ಕಿತು ಅನ್ನುವುದು ಮಕ್ಕಳಿಗೆ ಚೆನ್ನಾಗಿ ನೆನಪಿತ್ತು. ನಡುವೆ ಪಾತ್ರ ಪಟ್ಟ ಪ್ರಯತ್ನ, ಅದಕ್ಕೆ ಏನನ್ನಿಸಿತು ಅನ್ನುವುದು ಕಡಿಮೆ ನೆನಪಿತ್ತು. 1979ರಲ್ಲಿ ಸ್ಟೈನ್ ಮತ್ತು ಗ್ಲೆನ್ ಎಂಬ ಇನ್ನಿಬ್ಬರು ಸಂಶೋಧಕರು ಕಥೆಯನ್ನು ಬಿಡಿಸಿ ತೋರಿಸಿದಾಗಲೂ ಹಿನ್ನೆಲೆಯಾದ ಮೇಲೆ ಬರುವುದು ಕಥೆಯನ್ನು ಹೊರಡಿಸುವ ಘಟನೆ, ಆಮೇಲೆ ಪಾತ್ರದ ಮನಸ್ಸು, ಆಮೇಲೆ ಪ್ರಯತ್ನ. ಕಥೆಯ ಎಂಜಿನ್ ಇರುವುದೇ ಅಲ್ಲಿ.

ಹಾಗಾಗಿ ಮಗುವಿಗೆ ಮೊದಲು ಹಿಡಿಸಬೇಕಾದ್ದು ‘ಇದಕ್ಕೆ ಏನು ಬೇಕು? ಯಾಕೆ ಸಿಗ್ತಿಲ್ಲ?’ ಅನ್ನೋ ಎರಡು ಪ್ರಶ್ನೆ. ಕಥೆ ಮುಗಿದ ಮೇಲೆ ಕೇಳಿದರೆ ಅದು ಪರೀಕ್ಷೆಯಾಗುತ್ತದೆ. ನಡುವೆಯೇ, ಕೊಕ್ಕು ನೀರಿಗೆ ಎಟುಕದ ಜಾಗದಲ್ಲಿ ನಿಲ್ಲಿಸಬೇಕು. ಕಿರಿದಾದ ಬಾಯಿಯ ಪಾತ್ರೆಯ ತಳದಲ್ಲಿ ಸ್ವಲ್ಪ ನೀರು ಹಾಕಿ ‘ಮುಟ್ಟು ನೋಡೋಣ’ ಅನ್ನಿ. ಮಗು ಕೈ ತೂರಿಸುತ್ತದೆ, ಮಣಿಕಟ್ಟು ಸಿಕ್ಕಿಕೊಳ್ಳುತ್ತದೆ, ಬೆರಳು ಚಾಚುತ್ತದೆ, ಎಟುಕುವುದಿಲ್ಲ. ಮುಖ ಸಣ್ಣದಾಗುತ್ತದೆ. ‘ಕಾಗೆಗೂ ಹೀಗೇ ಆಯ್ತು’ ಅಂದರೆ ಸಾಕು. ಕಲ್ಲು ಯಾಕೆ ಅಂತ ಮತ್ತೆ ಕೇಳಬೇಕಾಗಿಲ್ಲ.

ಹೀಗೆ ನಡುವೆ ನಿಲ್ಲಿಸಿ ಮಗುವಿನ ಬಾಯಲ್ಲಿ ಹೇಳಿಸುವುದನ್ನು ಮಾತ್ರ ಪ್ರಿಸ್ಕೂಲಿನವರಿಂದ ಧಾರಾಳವಾಗಿ ಕಲಿಯಬಹುದು. 1988ರಲ್ಲಿ ವೈಟ್‌ಹರ್ಸ್ಟ್ ಎಂಬ ಸಂಶೋಧಕರು ಮತ್ತು ಜೊತೆಗಾರರು ಚಿತ್ರದ ಪುಸ್ತಕ ಓದುವಾಗ ಹೀಗೆ ಮಾಡಿ ಅಂತ ಪುಟ್ಟ ಮಕ್ಕಳ ಅಪ್ಪ ಅಮ್ಮಂದಿರಿಗೆ ಇದನ್ನೇ ಕಲಿಸಿದರು. ಹೌದು-ಇಲ್ಲ ಅಂತ ಮುಗಿಯುವ ಪ್ರಶ್ನೆ ಬಿಡಿ, ಮಗು ಹೇಳಿದ್ದಕ್ಕೆ ಇನ್ನೊಂದೆರಡು ಮಾತು ಸೇರಿಸಿ ತಿರುಗಿ ಹೇಳಿ ಅಂತ. ಸುಮ್ಮನೆ ಓದಿಸಿಕೊಂಡ ಮಕ್ಕಳಿಗಿಂತ ಆ ಮಕ್ಕಳ ಮಾತು ಮುಂದಿತ್ತು. ನಮ್ಮಲ್ಲಿ ದೊಡ್ಡವರು ಹೇಳುವುದು, ಮಗು ‘ಹೂಂ’ ಅನ್ನುವುದು ಜಾಸ್ತಿ. ಹೂಂಗುಟ್ಟುವುದರಲ್ಲಿ ಗಮನ ಇದೆ, ನಿಜ. ಆದರೆ ಮಗುವಿಗೆ ಏನು ತಿಳಿಯಿತು ಅಂತ ಅದರಿಂದ ಗೊತ್ತಾಗುವುದಿಲ್ಲ.

ಇನ್ನು ‘ಯಾರು’, ‘ಎಲ್ಲಿ’ ವಿಷಯದಲ್ಲಿ ನಮಗೆ ಚಾರ್ಟೇ ಬೇಡ. ‘ಒಂದಾನೊಂದು ಕಾಲದಲ್ಲಿ, ಒಂದು ಊರಿನಲ್ಲಿ, ಒಬ್ಬ ರಾಜ ಇದ್ದ’ ಅಂದರೆ ಕಾಲ, ಜಾಗ, ಪಾತ್ರ ಮೂರೂ ಒಂದೇ ಉಸಿರಿನಲ್ಲಿ ಮುಗಿಯುತ್ತವೆ. ನಾಲ್ಕು ಸಲ ಕೇಳಿದ ಮಗು ತಾನೂ ಹಾಗೇ ಶುರುಮಾಡುತ್ತದೆ.

ಹೊರನಾಡಿನಲ್ಲಿ ಕೆಲವರಿಗೆ ಒಂದು ಭಯ. ಮನೆಯಲ್ಲಿ ಕನ್ನಡದಲ್ಲಿ ಕಥೆ ಹೇಳಿದರೆ ಶಾಲೆಯಲ್ಲಿ ಗೊಂದಲವಾಗುತ್ತದಂತೆ. ನಾನಂತೂ ಒಪ್ಪುವುದಿಲ್ಲ. ಶಬ್ದಗಳನ್ನು ಎರಡೂ ಭಾಷೆಯಲ್ಲಿ ಬೇರೆ ಬೇರೆ ಕಲಿಯಬೇಕು. ಆದರೆ ಬೇಕು, ಸಿಗಲಿಲ್ಲ, ಏನೋ ಮಾಡಿತು, ಸಿಕ್ಕಿತು ಅನ್ನುವ ಹಂದರ ಒಂದು ಭಾಷೆಯಲ್ಲಿ ಕೂತರೆ ಇನ್ನೊಂದರಲ್ಲೂ ಕೆಲಸಕ್ಕೆ ಬರುತ್ತದೆ.

ಅಮೆರಿಕದ ಶಿಕ್ಷಕಿ ವಿವಿಯನ್ ಪೇಲಿ ಮಕ್ಕಳು ಹೇಳಿದ ಕಥೆಯನ್ನು ಅವರ ಮಾತಲ್ಲೇ ಬರೆದುಕೊಂಡು, ತರಗತಿಯಲ್ಲೇ ಆಡಿಸುತ್ತಿದ್ದರು. ಇದನ್ನು ಮನೆಯಲ್ಲೂ ಮಾಡಬಹುದು. ಕಥೆಯಲ್ಲಿ ತೊಂದರೆಯೇ ಇಲ್ಲದಿದ್ದರೆ ಆಡುವಾಗ ತಾನಾಗಿ ಗೊತ್ತಾಗುತ್ತದೆ. ಕಾಗೆಯಾದ ಮಗು ನಿಂತಲ್ಲೇ ನಿಂತು ‘ಈಗ ನಾನೇನು ಮಾಡ್ಲಿ?’ ಅಂತ ಕೇಳುತ್ತದೆ.

ಎಲ್ಲ ಕಥೆಗೂ ಇದು ಒಗ್ಗುವುದಿಲ್ಲ, ಅದೂ ನಿಜ. ಒಂದರ ಹಿಂದೆ ಒಂದು ಪ್ರಾಣಿ ಬಂದು ಸಾಲು ಬೆಳೆಯುತ್ತಾ ಹೋಗುವ ಕಥೆಗಳಿವೆ. ಅವುಗಳಲ್ಲಿ ಖುಷಿ ಇರುವುದೇ ಸಾಲನ್ನು ತಪ್ಪದೆ ಒಪ್ಪಿಸುವುದರಲ್ಲಿ. ಅಂಥ ದಿನ ಪ್ರಶ್ನೆ ಕೇಳಬೇಡಿ, ನೀವೂ ಜೊತೆಗೆ ಕೂಗಿ.