ಸ್ಪಷ್ಟನೆ: ಆ ನೀಲಿ ಪರದೆಗೆ ವಿಂಡೋಸ್ ಅಪ್‌ಡೇಟ್ ಕಾರಣವಲ್ಲ
2024ರ ಜುಲೈ 19ರಂದು ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ದೋಷ ಸೂಚಿಸುವ ನೀಲಿ ಪರದೆ ತೋರಿಸಿ ಕೆಟ್ಟು ನಿಂತದ್ದು ವಿಂಡೋಸ್ ಅಪ್‌ಡೇಟ್‌ನಿಂದ ಎಂಬ ಸಂದೇಶ ಇನ್ನೂ ಹರಿದಾಡುತ್ತಿದೆ. ಅದು ತಪ್ಪು. ಸೈಬರ್ ದಾಳಿಯೂ ಅಲ್ಲ.

ಕುಸಿದದ್ದು ಕ್ರೌಡ್‌ಸ್ಟ್ರೈಕ್ ಕಂಪನಿಯ ಭದ್ರತಾ ತಂತ್ರಾಂಶ ಫಾಲ್ಕನ್‌ನ ಡ್ರೈವರ್, ಅಂದರೆ ವಿಂಡೋಸ್‌ನ ಒಳಗೇ ಸೇರಿ ಕೆಲಸ ಮಾಡುವ ಅದರ ಭಾಗ. ಕ್ರ್ಯಾಶ್ ಡಂಪ್ (ಕುಸಿದಾಗ ವಿಂಡೋಸ್ ಉಳಿಸುವ ದಾಖಲೆ) ತೆರೆದವರಿಗೆ ಕಂಡದ್ದೂ ಅದರ ಹೆಸರೇ: ಸಿಎಸ್ಏಜೆಂಟ್. ಅಂದು ಭಾರತೀಯ ಕಾಲಮಾನ ಬೆಳಿಗ್ಗೆ 9.39ಕ್ಕೆ ಬಿಡುಗಡೆಯಾದ ‘ಚಾನೆಲ್ ಫೈಲ್ 291’ ಡ್ರೈವರ್ ಅಲ್ಲ, ಡ್ರೈವರ್ ಓದುವ ದತ್ತಾಂಶ. ಫೈಲಿನ ಹೆಸರಿನ ಕೊನೆಗೆ ಡ್ರೈವರ್‌ಗಳಿಗಿರುವಂತೆ ‘ಸಿಸ್’ (.sys) ಎಂದಿದ್ದರಿಂದ ಹಲವರು ಮೋಸಹೋದರು. ಆ ಫೈಲ್ ಡ್ರೈವರ್‌ಗೆ 21ನೇ ಮೌಲ್ಯವನ್ನು ನೋಡು ಎಂದಿತು, ಡ್ರೈವರ್ ಬಳಿ ಇದ್ದದ್ದು 20 ಮಾತ್ರ. ಡ್ರೈವರ್ ತನ್ನದಲ್ಲದ ಮೆಮೊರಿಗೆ ಕೈಹಾಕಿತು. ಸಾಮಾನ್ಯ ಆ್ಯಪ್ ಆಗಿದ್ದರೆ ಅದೊಂದೇ ಮುಚ್ಚಿಕೊಳ್ಳುತ್ತಿತ್ತು. ಈ ಡ್ರೈವರ್ ಓಡುವ ಕರ್ನಲ್‌ನೊಳಗೆ, ಅಂದರೆ ವಿಂಡೋಸ್‌ನ ತಿರುಳಿನೊಳಗೆ, ಹೀಗಾದರೆ ಇಡೀ ವಿಂಡೋಸ್ ನಿಲ್ಲುತ್ತದೆ. ಅಗತ್ಯ ಭಾಗಗಳನ್ನಷ್ಟೇ ಚಾಲೂ ಮಾಡುವ ಸೇಫ್ ಮೋಡ್‌ನಲ್ಲಿ ಆ ಚಾನೆಲ್ ಫೈಲನ್ನು ಅಳಿಸಿದ ಮೇಲೆ ಯಂತ್ರಗಳು ಎದ್ದವು.