ಸ್ಪಷ್ಟನೆ: ವಿಕಿರಣದ ಮಿತಿ 20, 30, 50 – ಯಾವುದು ಯಾವುದಕ್ಕೆ

‘ನೆರೆ ದೇಶಗಳಲ್ಲಿ ವಿಕಿರಣದ ಮಿತಿ 50, ನಮ್ಮಲ್ಲಿ 30. ಜನರಿಗೆ 1 ಮಾತ್ರ, ಆದ್ದರಿಂದ ಸಿಟಿ ಸ್ಕ್ಯಾನ್ ನಿಯಮಬಾಹಿರ’ ಎಂಬ ಸಂದೇಶ ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ 2014ರ ಮಾನದಂಡದ ಪ್ರಕಾರ, ವಿಕಿರಣದ ನಡುವೆ ಕೆಲಸ ಮಾಡುವವರಿಗೆ ಐದು ವರ್ಷಗಳ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್ (ದೇಹಕ್ಕೆ ತಾಗುವ ವಿಕಿರಣ ಅಳೆಯುವ ಮಾನ), ಅಂದರೆ ಐದು ವರ್ಷಕ್ಕೆ ಒಟ್ಟು 100. ಯಾವುದೇ ಒಂದು ವರ್ಷದಲ್ಲಿ 50 ಮೀರಬಾರದು. ಭಾರತದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಅದೇ ಸರಾಸರಿ ಇಟ್ಟುಕೊಂಡು ಒಂದು ವರ್ಷದ ಗರಿಷ್ಠವನ್ನು 30ಕ್ಕೆ ಇಳಿಸಿದೆ. ಅಂದರೆ ಪ್ರತಿ ವರ್ಷ 30 ತಗೊಳ್ಳಬಹುದು ಎಂದಲ್ಲ. ಒಂದು ವರ್ಷ 30 ಆದರೆ ಉಳಿದ ನಾಲ್ಕು ವರ್ಷ ಒಟ್ಟು 70ರೊಳಗೇ ಮುಗಿಯಬೇಕು.

ಸಾರ್ವಜನಿಕರಿಗಿರುವ ವರ್ಷಕ್ಕೆ 1 ಮಿಲಿಸೀವರ್ಟ್ ಮಿತಿ ರೋಗಿಯ ಚಿಕಿತ್ಸೆಗೆ, ತಪಾಸಣೆಗೆ ಅನ್ವಯಿಸುವುದೇ ಇಲ್ಲ. ಹೊಟ್ಟೆಯ ಸಿಟಿಗೆ ಸುಮಾರು 8 ಮಿಲಿಸೀವರ್ಟ್ ಬೀಳಬಹುದು. ಅಲ್ಲಿ ಕೇಳಬೇಕಾದ್ದು ಸ್ಕ್ಯಾನ್ ಅಗತ್ಯವೇ, ಪ್ರಮಾಣ ಎಷ್ಟು ಕಡಿಮೆ ಮಾಡಬಹುದು ಎಂದು. ಈ ಸಂದೇಶ ನಂಬಿ ಬೇಕಾದ ತಪಾಸಣೆ ಬಿಟ್ಟರೆ ಆಗುವ ಹಾನಿಯೇ ದೊಡ್ಡದು.

ಎಕ್ಸ್‌ರೇ ಸಿಬ್ಬಂದಿಗೂ ಒಂದು ಮಾತು: ಟಿಎಲ್‌ಡಿ ಬ್ಯಾಡ್ಜನ್ನು (ಮೈಗೆ ತಾಗಿದ ವಿಕಿರಣವನ್ನು ದಾಖಲಿಸುವ ಬಿಲ್ಲೆ) ಸೀಸದ ಏಪ್ರನ್ನಿನ ಒಳಗೆ, ಎದೆಯ ಮಟ್ಟದಲ್ಲಿ ಹಾಕಿಕೊಳ್ಳಿ. ಕೋಣೆಯಲ್ಲೇ ನೇತುಹಾಕಿ ಹೋದರೆ ನಿಮ್ಮದಲ್ಲದ ವಿಕಿರಣ ನಿಮ್ಮ ಲೆಕ್ಕಕ್ಕೆ ಸೇರುತ್ತದೆ.

ಆ ಸಂದೇಶವನ್ನು ದಯವಿಟ್ಟು ಇನ್ನು ಫಾರ್ವರ್ಡ್ ಮಾಡಬೇಡಿ.